ನೂರಾ ಎಂಬತ್ತನೇ ಕಿಲೋಮೀಟರು

ನನ್ನ ಸೊಸೆಯ ಕೆಲಸ ಏನೆಂದು ಯಾರಾದರೂ ಕೇಳಿದರೆ, ನಡೆಯುವುದು ಎನ್ನುತ್ತೇನೆ. ಕೇಳಿದವರು ಮುಂದೆ ಇನ್ನೇನೋ ಹೇಳುತ್ತೇನೆಂದು ಕಾಯುತ್ತಾರೆ. ಹೇಳುವುದಕ್ಕೆ ಬೇರೇನೂ ಇಲ್ಲ. ಶೂ ಕಾರ್ಖಾನೆಯವರು ಹೊಸದಾಗಿ ಮಾಡಿದ ಶೂ ಕೊಡುತ್ತಾರೆ. ಅವಳು ಅದನ್ನು ಹಾಕಿಕೊಂಡು ದಿನಕ್ಕೆ ಹನ್ನೆರಡು ಕಿಲೋಮೀಟರು ಊರೊಳಗೆ ನಡೆಯುತ್ತಾಳೆ. ಸಂಜೆ ವಾಪಸು ಹೋಗಿ ಶೂವಿಗೆ ಏನೇನಾಯಿತೆಂದು ಒಂದು ದಪ್ಪ ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತಾಳೆ. ನನ್ನ ಮಗ ಬಸ್ಸಿನ ಡ್ರೈವರು. ಅವನು ತಮಾಷೆಗೆ, ನಾನು ಕೂತು ದುಡಿಯುತ್ತೇನೆ, ಇವಳು ನಡೆದು ದುಡಿಯುತ್ತಾಳೆ, ಅಮ್ಮ ಒಲೆಯ ಮುಂದೆ ನಿಂತು ದುಡಿಯುತ್ತಾಳೆ, ಇನ್ನು ಓಡಿ ದುಡಿಯುವವರು ಒಬ್ಬರು ಸಿಕ್ಕಿದರೆ ಮನೆ ಪೂರ್ತಿಯಾಗುತ್ತದೆ ಎನ್ನುತ್ತಿರುತ್ತಾನೆ.

ಅವಳು ಈ ಕೆಲಸಕ್ಕೆ ಸೇರುತ್ತೇನೆಂದಾಗ ಅಕ್ಕಪಕ್ಕದವರು ನಕ್ಕರು. ಒಂಬತ್ತು ವರ್ಷದವಳಿದ್ದಾಗ ಏಣಿ ಜಾರಿ ಬಿದ್ದು ಅವಳ ಎಡಗಾಲಿನ ಹರಡು ಮುರಿದಿತ್ತು. ಮೂಳೆ ಸ್ವಲ್ಪ ಓರೆಯಾಗಿಯೇ ಕೂಡಿಕೊಂಡಿತು. ಹೆಜ್ಜೆ ಇಟ್ಟಾಗ ಎಡ ಪಾದದ ತುದಿ ಹೊರಗೆ ತಿರುಗುತ್ತದೆ. ಮಗ ಅವಳನ್ನು ಮೊದಲ ಸಲ ಮನೆಗೆ ಕರೆತಂದಾಗ ನಾನೂ ಮುಖ ಬಿಟ್ಟು ಕಾಲನ್ನೇ ನೋಡಿದ್ದೆ. ಅವಳಿಗೆ ಅದು ತಿಳಿಯಿತು.

"ಚೆನ್ನಾಗಿ ನೋಡ್ಬಿಡಿ ಅತ್ತೆ," ಎಂದಳು. "ಒಂದ್ಸಲ ನೋಡಿದ್ರೆ ಆಮೇಲೆ ಕದ್ದು ನೋಡೋ ಕಷ್ಟ ಇರಲ್ಲ."

ಆವತ್ತೇ ನನಗೆ ಗೊತ್ತಾಯಿತು, ಇವಳ ಜೊತೆ ಬಾಳುವುದು ಸುಲಭವಲ್ಲ, ಆದರೆ ಬೇಸರವೂ ಆಗುವುದಿಲ್ಲ ಎಂದು.

ಆ ವರ್ಷ ಕಾರ್ಖಾನೆಯವರು ಹೊಸ ಬಗೆಯ ನಡಿಗೆ ಶೂ ಮಾಡಿದ್ದರು. ಮೇಲಿನ ಬಟ್ಟೆ ಸೆಣಬಿನದು, ಅಡಿಭಾಗ ರಬ್ಬರು ಮರದ ಹಾಲಿನದು, ಅಂಟಿಸುವ ಅಂಟು ಕೂಡ ಗಿಡದಿಂದ ತೆಗೆದದ್ದು. ಅಂಗೈಯಲ್ಲಿಟ್ಟರೆ ಒಣಗಿದ ಸೋರೆ ಬುರುಡೆಯಷ್ಟು ಹಗುರ. ಹಳತಾದ ಮೇಲೆ ಎಸೆದರೆ ಮಣ್ಣಿಗೆ ಸೇರಿಹೋಗುತ್ತದಂತೆ. ನಾನೂರು ಕಿಲೋಮೀಟರು ಬಾಳುತ್ತದೆ ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿಸುವುದಿತ್ತು. ಅದಕ್ಕೆ ಮೊದಲು ನಡೆಯುವವರು ನಾಲ್ವರು ಹೌದೆನ್ನಬೇಕು. ಇವಳು, ನಿವೃತ್ತನಾದ ಒಬ್ಬ ಪೋಸ್ಟ್‌ಮ್ಯಾನ್, ಇನ್ನಿಬ್ಬರು ಗಂಡಸರು. ಪೋಸ್ಟ್‌ಮ್ಯಾನನ್ನು ಎಲ್ಲರೂ ಅಂಚೆಯಣ್ಣ ಎಂದೇ ಕರೆಯುತ್ತಿದ್ದರು.

ಪರೀಕ್ಷೆಯ ಕೋಣೆಯ ಇಂಜಿನಿಯರು ಒಂದು ನಿಯಮ ಮಾಡಿದ್ದ. ಎಡಗಾಲಿಗೆ ಕಾರ್ಖಾನೆಯ ಹಳೆಯ ಬಗೆಯ ಶೂ, ಬಲಗಾಲಿಗೆ ಹೊಸ ಬಗೆಯದು. ಒಂದೇ ದೇಹ, ಒಂದೇ ರಸ್ತೆ, ಒಂದೇ ಬಿಸಿಲು. ಯಾವುದು ಮೊದಲು ಸೋಲುತ್ತದೆಂದು ನೋಡಿದರಾಯಿತು. ಹೀಗೆ ಒಂದು ಕಪ್ಪು, ಒಂದು ಕಂದು ಶೂ ಹಾಕಿಕೊಂಡು ಅವಳು ಹೋಗುವುದನ್ನು ಕಂಡು ಮೂಲೆಯ ದರ್ಜಿ ದಿನಾ ಏನಾದರೂ ಅನ್ನುತ್ತಿದ್ದ. ಒಂದು ದಿನ ಇವಳೇ ನಿಂತು, ಎರಡು ಕಾಲಿಗೂ ಜಗಳವಾಗಿ ಬೇರೆ ಬೇರೆ ಸಂಸಾರ ಹೂಡಿವೆ, ನೀವು ಬಂದು ರಾಜಿ ಮಾಡಿಸಿ ಎಂದಳಂತೆ. ಆಮೇಲೆ ಅವನು ಹೊಲಿಗೆ ಮಿಷನ್ನಿನಿಂದ ತಲೆ ಎತ್ತಲಿಲ್ಲ.

ನಡೆಯುವ ದಾರಿಯೂ ಗೊತ್ತು ಮಾಡಿದ್ದೇ. ಕಾರ್ಖಾನೆಯ ಗೇಟಿನಿಂದ ಹೊರಟು, ಆಸ್ಪತ್ರೆಯ ಗೋಡೆ, ಬಸ್ ನಿಲ್ದಾಣ, ಹಾರ್ಡ್‌ವೇರ್ ಅಂಗಡಿಗಳ ಸಾಲು, ಮತ್ತೆ ಗೇಟು. ಒಂದು ಸುತ್ತಿಗೆ ಮೂರು ಕಿಲೋಮೀಟರು. ಫುಟ್‌ಪಾತ್ ಇದೆ, ಆದರೆ ಅದರ ತುಂಬ ಗೂಡಂಗಡಿ, ನಿಲ್ಲಿಸಿದ ಬೈಕು, ಅಗೆದು ಬಿಟ್ಟ ಗುಂಡಿ. ಹಾಗಾಗಿ ಎಲ್ಲರೂ ರಸ್ತೆಯ ಅಂಚಿನಲ್ಲೇ ನಡೆಯುತ್ತಿದ್ದರು. ಗಂಡಸರು ಗಾಡಿಗಳು ಹೋಗುವ ದಿಕ್ಕಿಗೇ ಹೋಗುತ್ತಿದ್ದರು. ಇವಳು ಮಾತ್ರ ಅದೇ ಅಂಚಿನಲ್ಲಿ ಎದುರು ದಿಕ್ಕಿಗೆ ಸುತ್ತು ಹಾಕುತ್ತಿದ್ದಳು. ಎರಡನೇ ದಿನವೇ ಹಿಂದಿನಿಂದ ಬಂದ ಬೈಕೊಂದು ಅವಳ ಚೀಲದ ಪಟ್ಟಿಗೆ ಸಿಕ್ಕಿಕೊಂಡು ನಾಲ್ಕು ಹೆಜ್ಜೆ ಎಳೆದುಕೊಂಡು ಹೋಗಿತ್ತು. ಬರುವುದೇನಿದ್ದರೂ ಕಣ್ಣೆದುರೇ ಬರಲಿ ಎಂದು ಅವಳು ದಿಕ್ಕು ಬದಲಾಯಿಸಿದಳು. ಅದನ್ನು ಪುಸ್ತಕದಲ್ಲೂ ಬರೆದಳು. ಯಾರೂ ಓದಲಿಲ್ಲ.

ನೂರಾ ಎಂಬತ್ತನೇ ಕಿಲೋಮೀಟರಿಗೆ ಅವಳ ಬಲಗಾಲಿನ ಹೊಸ ಶೂ ಹೊರ ಅಂಚಿನಲ್ಲಿ ಬಾಯಿ ಬಿಟ್ಟಿತು. ಕಿರುಬೆರಳು ತೂರುವಷ್ಟು. ಅವಳು ಹಾಗೆಯೇ ಬರೆದಳು. ಉಳಿದ ಮೂವರ ಹೊಸ ಶೂಗಳು ಮುನ್ನೂರು ದಾಟಿದರೂ ಗಟ್ಟಿಯಾಗಿದ್ದವು. ಅದಾದ ಒಂದು ವಾರದ ಮೇಲೆ ಇಂಜಿನಿಯರು ಅವಳನ್ನು ಕರೆಸಿದ. ಅವಳ ಪುಟದಲ್ಲಿ ಅವನೇ ಪೆನ್ಸಿಲ್ಲಿನಿಂದ ಒಂದು ಸಾಲು ಬರೆದಿಟ್ಟಿದ್ದ: ನಡೆಯುವವರ ಕಾಲಿನ ದೋಷದಿಂದ.

"ಇದ್ರ ಕೆಳಗೆ ಒಂದು ಸಹಿ ಹಾಕಿ ಅಕ್ಕ. ನಿಮ್ಮ ಮೇಲೆ ಯಾರಿಗೂ ಸಿಟ್ಟಿಲ್ಲ."

"ಸರ್, ಮುರಿದಿದ್ದು ನನ್ನ ಎಡಗಾಲು. ಕಿತ್ತಿರೋದು ಬಲಗಾಲಿನ ಶೂ."

"ಎಡಗಾಲು ಸರಿ ಇಲ್ಲ ಅಂದ್ರೆ ಭಾರ ಎಲ್ಲ ಬಲಗಾಲಿಗೆ ಬೀಳುತ್ತೆ."

ಓದಿದವರ ಬಳಿ ಎಲ್ಲದಕ್ಕೂ ಉತ್ತರ ಸಿದ್ಧವಾಗಿರುತ್ತದೆ. ಅವಳು ಪೆನ್ನು ಮುಟ್ಟಲಿಲ್ಲ. ಸಹಿ ಹಾಕದಿದ್ದರೆ ಈ ಪುಟ ಬಿಟ್ಟು ಉಳಿದ ಮೂವರದನ್ನೇ ಲೆಕ್ಕಕ್ಕೆ ಹಿಡಿಯುತ್ತೇವೆ, ನಾಳೆಯಿಂದ ಲೇಸ್ ಪೋಣಿಸುವ ಮೇಜಿಗೆ ಹೋಗಿ ಎಂದ ಅವನು.

ಆ ಸಂಜೆ ಅವಳು ಬಚ್ಚಲ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಕಾಲು ತೊಳೆದಳು. ನಾನು ಟವೆಲು ಹಿಡಿದು ನಿಂತೇ ಇದ್ದೆ. ಅವಳಿಗೆ ಕೆಲಸ ಬದಲಾಗಿದ್ದರ ಸಂಕಟವಲ್ಲ. ಇಷ್ಟು ವರ್ಷ ಈ ಕಾಲು ಸರಿಯಿಲ್ಲ ಎಂದವರಿಗೆಲ್ಲ ನಡೆದೇ ಉತ್ತರ ಕೊಟ್ಟವಳು. ಈಗ ಅದನ್ನೇ ಕಾಗದದಲ್ಲಿ ಬರೆದು, ನೀನೇ ಒಪ್ಪಿಕೋ ಎನ್ನುತ್ತಿದ್ದಾರೆ.

"ಅವ್ರು ಹೇಳೋದೇ ನಿಜ ಆಗಿದ್ರೆ ಅತ್ತೆ?" ಎಂದಳು ಕೊನೆಗೆ.

"ನಿಜ ಅಂತ ನಿನಗೇ ಗೊತ್ತಾದ ದಿನ ಬರ್ಕೊಡು. ಅಲ್ಲಿವರೆಗೂ ಬರೀಬೇಡ," ಎಂದೆ.

ಲೇಸಿನ ಮೇಜಿನ ಪಕ್ಕದಲ್ಲೇ, ನಡೆದು ಮುಗಿಸಿದ ಶೂಗಳನ್ನು ಚೀಟಿ ಕಟ್ಟಿ ಇಡುವ ಕಪಾಟಿತ್ತು. ಅವಳನ್ನು ಅಲ್ಲಿ ಕೂರಿಸಿದ್ದು ಇಂಜಿನಿಯರು ಮಾಡಿದ ತಪ್ಪು. ಅವನೂ ಅವನ ಸಹಾಯಕರೂ ಹೊಸ ಶೂಗಳನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರೇ ಹೊರತು ಹಳೆಯ ಬಗೆಯವನ್ನು ಯಾರೂ ಕೈಗೆತ್ತಿಕೊಳ್ಳುತ್ತಿರಲಿಲ್ಲ. ಇವಳು ಊಟದ ಹೊತ್ತಿನಲ್ಲಿ ಎತ್ತಿಕೊಂಡಳು. ಮೂವರು ಗಂಡಸರ ಎಡಗಾಲಿನ ಹಳೆಯ ಶೂಗಳೂ ಹೊರ ಅಂಚಿನಲ್ಲೇ ಸವೆದಿದ್ದವು. ಇವಳ ಬಲಗಾಲಿನ ಶೂ ಎಲ್ಲಿ ಬಾಯಿ ಬಿಟ್ಟಿತ್ತೋ ಸರಿಯಾಗಿ ಅದೇ ಜಾಗ. ಇವಳ ಎಡಗಾಲಿನ ಹಳೆಯ ಶೂ ಮಾತ್ರ ಆ ಜಾಗದಲ್ಲಿ ಒಂಚೂರೂ ಸವೆದಿರಲಿಲ್ಲ.

ಎರಡು ದಿನ ಅವಳಿಗೆ ಇದರ ತಲೆಬುಡ ತಿಳಿಯಲಿಲ್ಲ. ಮೂರನೇ ದಿನ ಮನೆಗೆ ಬರುವಾಗ ಹಾರ್ಡ್‌ವೇರ್ ಅಂಗಡಿಯವನು ಮೆಟ್ಟಿಲು ತೊಳೆದ ನೀರನ್ನು ರಸ್ತೆಗೆ ಎರಚಿದ. ನೀರು ರಸ್ತೆಯ ಮೇಲೆ ನಿಲ್ಲದೆ ಹರಿದು ಬಂದು ಅವಳ ಕಾಲ ಬುಡದಲ್ಲೇ ಅಂಚಿನ ಮೋರಿಗೆ ಇಳಿಯಿತು. ಬೈಯಬೇಕಾದವಳು ನಿಂತು ನೋಡಿದಳು. ನೀರು ಹೋಗಲೆಂದು ರಸ್ತೆಯನ್ನು ನಡುವೆ ಉಬ್ಬಿಸಿ ಅಂಚಿಗೆ ಇಳಿಜಾರು ಮಾಡಿರುತ್ತಾರೆ. ಆ ಅಂಚಿನಲ್ಲಿ ಗಂಡಸರು ನಡೆದರೆ ತಗ್ಗು ಅವರ ಎಡಕ್ಕೆ, ಇವಳು ಎದುರು ನಡೆದರೆ ಬಲಕ್ಕೆ. ತಗ್ಗಿನ ಕಡೆಯ ಕಾಲೇ ಹೊರಕ್ಕೆ ವಾಲಿ ಅಂಚನ್ನು ಒತ್ತುತ್ತದೆ. ಗಂಡಸರ ಹೊಸ ಶೂ ಅಷ್ಟು ದಿನವೂ ದಿಬ್ಬದ ಕಡೆ ಸುಖವಾಗಿತ್ತು. ಏಟು ತಿಂದದ್ದು ಹಳೆಯದು, ಹೊಗಳಿಸಿಕೊಂಡದ್ದು ಹೊಸದು.

ಮರುದಿನ ಇಂಜಿನಿಯರಿಗೆ ಹೇಳಿದಳು. ಅವನು ಅರ್ಧ ಕೇಳಿದ. ಮತ್ತೆ ಪರೀಕ್ಷೆ ಮಾಡುವಷ್ಟು ಸಮಯವಿಲ್ಲ, ಡಬ್ಬಿಗಳು ಅಚ್ಚಿಗೆ ಹೋಗಿವೆ, ಶೂ ಅಂಗಡಿಗೆ ಹೋಗುವುದಕ್ಕೆ ಇನ್ನು ಇಪ್ಪತ್ತೇ ದಿನ ಎಂದ.

ಇಪ್ಪತ್ತು ದಿನ ಸಾಕು ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡು ಬಂದಳು. ನಡೆಯುವವರಿಗೆಲ್ಲ ಒಂದು ಹಳೆಯ ಬಗೆ, ಒಂದು ಹೊಸ ಬಗೆ ಸೇರಿದ ಇನ್ನೊಂದು ಜೊತೆಯನ್ನು ಮೊದಲೇ ಕೊಟ್ಟಿರುತ್ತಾರೆ. ಅವಳದು ಮನೆಯಲ್ಲೇ ಇತ್ತು. ಅಂಚೆಯಣ್ಣನೂ ನಾನೂರು ಮುಗಿಸಿ ಎರಡನೇ ಜೊತೆ ಶುರು ಮಾಡುವವನಿದ್ದ. ಅವನ ಹತ್ತಿರ ಹೋಗಿ, ಅಣ್ಣಾ, ಈ ಸಲ ನೀವು ನನ್ನ ದಿಕ್ಕಿಗೆ ನಡೆಯಿರಿ, ನಾನು ನಿಮ್ಮ ದಿಕ್ಕಿಗೆ ನಡೆಯುತ್ತೇನೆ ಎಂದಳು. ಸುತ್ತು ಎಂದಿದೆಯೇ ಹೊರತು ಯಾವ ಕಡೆಯಿಂದ ಎಂದು ನಿಯಮದಲ್ಲಿರಲಿಲ್ಲ.

"ಮೂವತ್ತೈದು ವರ್ಷ ಕಾಗದ ಹಂಚಿದೋನು ನಾನು," ಎಂದನಂತೆ ಅಂಚೆಯಣ್ಣ. "ಯಾವ ಬೀದೀನ ಯಾವ ತುದಿಯಿಂದ ಹಿಡಿದ್ರೂ ಒಂದೇ. ನಡೀತೀನಿ ತಂಗಿ. ಆದ್ರೆ ಸಹಿ ಗಿಹಿ ಅಂತ ಕೇಳಬೇಡ. ಈ ವಯಸ್ಸಲ್ಲಿ ನನಗೆ ಬೇರೆ ಯಾರು ಕೆಲಸ ಕೊಡ್ತಾರೆ?"

ಅವಳು ಬೆಳಿಗ್ಗೆ ಕೆಲಸಕ್ಕೆ ಮೊದಲು ಎರಡು ಸುತ್ತು, ಸಂಜೆ ಕೆಲಸ ಮುಗಿಸಿ ಎರಡು ಸುತ್ತು ಹಾಕತೊಡಗಿದಳು. ಈಗ ಗಾಡಿಗಳು ಬೆನ್ನ ಹಿಂದಿನಿಂದ ಬರುತ್ತಿದ್ದವು. ಮನೆಗೆ ಬಂದಾಗ ಅವಳ ಭುಜಗಳು ಕಿವಿಯವರೆಗೆ ಏರಿ ಬಿಗಿದುಕೊಂಡಿರುತ್ತಿದ್ದವು. ಮಗ ಗೊಣಗಿದ. ಕೆಲಸದಿಂದ ತೆಗೆದ ಮೇಲೂ ಆ ಕೆಲಸವನ್ನೇ ಬಿಟ್ಟಿಯಾಗಿ ಮಾಡುವವರನ್ನು ತಾನು ಕಂಡಿಲ್ಲ ಎಂದ. ಅವಳು ಲೇಸು ಕಟ್ಟಿಕೊಳ್ಳುತ್ತಾ, ಈಗ ಕಂಡಿರಲ್ಲವೇ ಎಂದಳು. ಆ ವಾರ ಅವನಿಗೆ ಬೆಳಗಿನ ಪಾಳಿ. ಸಂಜೆ ಬಿಡುವಿತ್ತು. ಮಾರನೆಯ ದಿನ ಅವಳು ಹೊರಟಾಗ ಅವನೂ ಚಪ್ಪಲಿ ಮೆಟ್ಟಿಕೊಂಡು ಹೊರಟ.

"ಹಿಂದೆ ಬರೋ ಗಾಡಿ ನಾನು ನೋಡ್ಕೋತೀನಿ. ನೀನು ಶೂ ನೋಡ್ಕೋ," ಎಂದು ಮೂರು ಹೆಜ್ಜೆ ಹಿಂದೆ ನಡೆದನಂತೆ. ದರ್ಜಿಗೆ ಮತ್ತೆ ಬಾಯಿ ಬಂತು. ಸಂಸಾರ ಒಂದಾಯಿತೇ ಎಂದು ಕೇಳಿದ.

ಹದಿನೈದನೇ ದಿನ ಅಂಚೆಯಣ್ಣನ ಬಲಗಾಲಿನ ಹೊಸ ಶೂ ಬಾಯಿ ಬಿಟ್ಟಿತು, ನೂರಾ ಎಪ್ಪತ್ತೆರಡನೇ ಕಿಲೋಮೀಟರಿನಲ್ಲಿ. ಅವನ ಕಾಲು ಹುಟ್ಟಿದಾಗಿನಿಂದ ನೆಟ್ಟಗೇ ಇದೆ. ಇವಳದು ನೂರಾ ಎಂಬತ್ತು ದಾಟಿತು, ಇನ್ನೂರು ದಾಟಿತು. ಒಂದು ಎಳೆಯೂ ಬಿಡಲಿಲ್ಲ.

ಇಬ್ಬರೂ ಶೂಗಳನ್ನು ಇಂಜಿನಿಯರಿನ ಮೇಜಿನ ಮೇಲೆ ತಂದಿಟ್ಟರು. ಕಪಾಟಿನಲ್ಲಿದ್ದ ಹಳೆಯವನ್ನೂ ಪಕ್ಕದಲ್ಲಿ ಜೋಡಿಸಿದರು. ಅವನು ಒಂದೊಂದನ್ನೇ ಎತ್ತಿ ಹೊರ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ಹುಡುಗ ಕೆಟ್ಟವನಲ್ಲ, ಅವಸರದವನು ಅಷ್ಟೇ. ಆಮೇಲೆ, ಅಂಚಿಗೆ ಸುತ್ತಲೂ ಹೊಲಿಗೆ ಹಾಕಿದರೆ ನಿಲ್ಲುತ್ತದೆ, ಆದರೆ ತೂಕ ಹೆಚ್ಚಾಗುತ್ತದೆ, ಹಗುರ ಎನ್ನುವುದೇ ಈ ಶೂವಿನ ದೊಡ್ಡ ಗುಣ ಎಂದ.

"ಹೆಚ್ಚಾಗ್ಲಿ ಸರ್. ಹೊರೋರು ನಾವು," ಎಂದಳು ಇವಳು. "ಮಣ್ಣಿಗೆ ಸೇರೋ ಶೂ ಒಳ್ಳೇದೇ. ಆದ್ರೆ ಕಾಲಲ್ಲಿ ಇರೋವಾಗ್ಲೇ ಸೇರೋದು ಬೇಡ."

ಅಂಚೆಯಣ್ಣ ಕೆಮ್ಮಿದ. ಯಾರೂ ಕೇಳದೆಯೇ ಪೆನ್ನು ತೆಗೆದು ತನ್ನ ಪುಟ ಬಿಡಿಸಿ, ತಗ್ಗು ಬಲಕ್ಕೆ, ನೂರಾ ಎಪ್ಪತ್ತೆರಡು, ಹೊರ ಅಂಚು ಎಂದು ಬರೆದು ಸಹಿ ಹಾಕಿದ. ಅಕ್ಷರಗಳು ನೇರವಾಗಿದ್ದವಂತೆ.

ಇಂಜಿನಿಯರು ಅವಳ ಪುಟವನ್ನೂ ತೆರೆದ. ರಬ್ಬರು ಹುಡುಕಿ ಆ ಪೆನ್ಸಿಲ್ ಸಾಲನ್ನು ಅಳಿಸುವುದಕ್ಕೆ ಬಗ್ಗಿದ. ಅವಳು ಪುಸ್ತಕದ ಮೇಲೆ ಅಂಗೈ ಇಟ್ಟಳು.

"ಅಳಿಸ್ಬೇಡಿ ಸರ್. ಅಳಿಸಿದ್ರೆ ಬರೆದೇ ಇರ್ಲಿಲ್ಲ ಅನ್ನೋ ಹಾಗಾಗುತ್ತೆ. ಇಂಕಲ್ಲಿ ಗೆರೆ ಎಳೆದು ತಪ್ಪು ಅಂತ ಬರೀರಿ. ಪಕ್ಕದಲ್ಲಿ ನಿಮ್ಮ ಸಹಿ ಹಾಕಿ."

ಅವನು ಅವಳ ಮುಖ ನೋಡಿದ. ನನಗೆ ಆ ಮುಖ ಗೊತ್ತು. ಅದರ ಎದುರು ವಾದ ಮಾಡಿ ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಅವನು ಜೇಬಿನಿಂದ ಪೆನ್ನು ತೆಗೆದು ಗೆರೆ ಎಳೆದ, ತಪ್ಪು ಎಂದು ಬರೆದ, ಸಹಿ ಹಾಕಿದ. ತಾರೀಖೂ ಹಾಕಿ ಎಂದಳು. ಹಾಕಿದ.

ಆಮೇಲೆ ಅವಳು ತನ್ನ ಕಾಲಿನ ಅಳತೆ ಹೇಳಿ, ನಡೆದು ನೋಡುವುದಕ್ಕೆ ಹೊಲಿಗೆ ಹಾಕಿದ ಜೊತೆ ಯಾವಾಗ ಕೊಡುತ್ತೀರಿ ಎಂದು ಕೇಳಿದಳು.