ಪವರ್ ಸ್ಟೀರಿಂಗ್ ಬಿಚ್ಚಿಸಿದೆ

ಇದನ್ನು ಹೇಳಿಬಿಡಬೇಕೆಂದು ಎಷ್ಟೋ ಸಲ ಕುಳಿತಿದ್ದೇನೆ. ಕುಳಿತು, ಚಹಾ ಕುಡಿದು, ಎದ್ದು ಹೋಗಿದ್ದೇನೆ. ಈ ಸಲ ಏಳಲು ಬಿಡದಿದ್ದದ್ದು ಮಗಳು ರೂಪಾ ಕೊಂಡ ಹೊಸ ಕಾರು.

ಕಾರು ಜೋರಿನದು. ಆಕ್ಸಿಲರೇಟರ್ ಮೇಲೆ ಕಾಲಿಟ್ಟರೆ ಸಾಕು, ಬೆನ್ನು ಸೀಟಿಗೆ ಅಂಟುತ್ತದೆ. ಆದರೆ ಗೇರಿನ ಪಕ್ಕದ ಗುಂಡಿ ಒತ್ತಿದರೆ ಅದೇ ಕಾರು ಮಿಯಾಪುರದ ಟ್ರಾಫಿಕ್ಕಿನಲ್ಲಿ ಸಾಧುವಾಗುತ್ತದೆ, ಸ್ಟೀರಿಂಗ್ ಒಂದು ಬೆರಳಿಗೆ ತಿರುಗುತ್ತದೆ. "ಅಪ್ಪಾ, ಓಡಸೋ ಮಜಾನೂ ಐತಿ, ಆರಾಮನೂ ಐತಿ. ಯಾವ್ದು ಬೇಕೋ ಅದು," ಎಂದಳು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಅವೆರಡೂ ಒಂದೇ ಕಾರಿನಲ್ಲಿ ಇರಕೂಡದೆಂದು ಒಂದು ಕಾಲಕ್ಕೆ ಭಾಷಣ ಬಿಗಿಯುತ್ತಿದ್ದವನು ನಾನು.

ಹೈಸ್ಕೂಲು ಮುಗಿಸಿ ಬೀದರಿನಿಂದ ಬಂದು ಬೇಗಂಪೇಟೆಯಲ್ಲಿ ಕಾರಿನ ಸಾಮಾನು ಮಾರುವ ಅಂಗಡಿ ಸೇರಿದ್ದೆ. ಮಾಲೀಕರು ತಮ್ಮ ಹಳೆಯ ಕಾರನ್ನು ನನಗೇ ಕೊಟ್ಟರು. ಚಿಕ್ಕದು, ಹಗುರ, ಎಂಜಿನ್ ಮಾತ್ರ ಪುಂಡ. ಆಗ ಅಪರೂಪವಾಗಿದ್ದ ಪವರ್ ಸ್ಟೀರಿಂಗ್ ಕೂಡ ಅದರಲ್ಲಿತ್ತು. ಭಾನುವಾರ ಬೆಳಿಗ್ಗೆ ಲಿಂಗಂಪಲ್ಲಿಯ ಆಚೆ ಖಾಲಿ ರಸ್ತೆಯಲ್ಲಿ ನಾಲ್ಕಾರು ಕಾರು ಹುಚ್ಚರು ಸೇರುತ್ತಿದ್ದೆವು. ಹೆಂಡತಿಯೂ ಬರುತ್ತಿದ್ದಳು. ಓಡಿಸಲು ಕಲಿಸಿದವನು ನಾನೇ, ಆದರೆ ಬೇಗನೆ ನನ್ನನ್ನು ಹಿಂದೆ ಹಾಕಿದಳು. ನಾನು ತಿರುವಿನ ನಡುವೆ ಬ್ರೇಕ್ ತುಳಿದು ಹಲ್ಲು ಕಚ್ಚುವವನು. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊದಲೇ ವೇಗ ಇಳಿಸಿ, ಹಾಡು ಗುನುಗುತ್ತಾ ದಾಟಿಬಿಡುತ್ತಿದ್ದಳು.

ಗೆಳೆಯ ರಹೀಮ್ ಒಂದು ದಿನ ಅಂದ: "ಗಾಡಿ ತೊ ಭಾಭೀಚ್ ಚಲಾತೇ ಮಿಯಾ, ತುಮ್ ಖಾಲಿ ಪೆಟ್ರೋಲ್ ಡಲಾತೇ." ಓಡಿಸುವವಳು ಆಕೆ, ನೀನು ಬರೀ ಪೆಟ್ರೋಲ್ ಹಾಕಿಸುವವನು ಎಂದು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆ ಮುಟ್ಟುವವರೆಗೆ ಆಕೆಯ ಜೊತೆ ಮಾತಾಡಲಿಲ್ಲ.

ಆಕೆ ಹೆರಿಗೆಗೆಂದು ತವರಿಗೆ, ಬೀದರಿಗೆ, ಹೋದಳು. ರೂಪಾ ಆಪರೇಷನ್ ಆಗಿ ಹುಟ್ಟಿದಳು. ಅಲ್ಲಿ ಬಾಣಂತನ ನಡೆದಿದ್ದಾಗ ಇಲ್ಲಿ ನಾನು ಪವರ್ ಸ್ಟೀರಿಂಗ್ ಬಿಚ್ಚಿಸಿದೆ. ರಸ್ತೆ ಕೈಗೆ ತಿಳಿಯಬೇಕು, ಸುಖ ಬೇಕಾದವರು ಬಸ್ಸು ಹತ್ತಲಿ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಪೂರ್ತಿ ಸುಳ್ಳಲ್ಲ ಅದು. ವೇಗ ಹಿಡಿದರೆ ರಸ್ತೆಯ ಒಂದೊಂದು ಹರಳೂ ಅಂಗೈಗೆ ಮುಟ್ಟುತ್ತಿತ್ತು, ಕಾರಿಗೆ ಜೀವ ಬಂದಂತಿತ್ತು. ಆದರೆ ನಿಂತಲ್ಲೇ ಚಕ್ರ ತಿರುಗಿಸಲು ನನ್ನ ರಟ್ಟೆಯೇ ನಡುಗುತ್ತಿತ್ತು. ಆಕೆಯ ಹೊಲಿಗೆಯ ನೆನಪು ಬರಲಿಲ್ಲವೆಂದರೆ ನೀವು ನಂಬಿಯೀರಿ. ಬಂದಿತ್ತು.

ಕೂಸಿನೊಂದಿಗೆ ಹಿಂದಿರುಗಿದ ಮೇಲೆ ಒಂದು ಬೆಳಿಗ್ಗೆ ಆಕೆ ಕಾರನ್ನು ಗೇಟಿನಿಂದ ಹೊರಗೆ ತೆಗೆಯಲು ಕುಳಿತಳು. ಸ್ಟೀರಿಂಗ್ ಅಲುಗಲಿಲ್ಲ. ಮತ್ತೊಮ್ಮೆ ಎಳೆದು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

"ಏನ್ರಿ, ಇದಕ್ಕೇನಾಗೇತಿ?"

"ಏನೂ ಆಗಿಲ್ಲ. ಈಗ ಖರೇ ಗಾಡಿ ಆಗೇತಿ."

"ಹೊಲಿಗಿ ಜಗ್ಗತಾವ್ರಿ. ಮೊದಲಿನಂಗ ಮಾಡಸ್ರಿ."

ಕೂಸು ನೋಡಲು ಮಿಠಾಯಿ ಹಿಡಿದು ಬಂದಿದ್ದ ರಹೀಮ್ ಪಕ್ಕದಲ್ಲೇ ನಿಂತಿದ್ದ. ಅವನಿಗೆ ಕೇಳಿಸಲೆಂದೇ ಅಂದೆ: "ತಾಕತ್ತಿದ್ದವರು ಓಡಸ್ತಾರ. ಇಲ್ಲದವರು ಬಾಜೂಕ ಕುಂಡ್ರತಾರ."

ಈ ಸಲ ರಹೀಮ್ ನಗಲಿಲ್ಲ. ಆಕೆ ಇಳಿದು ಕೀಲಿಯನ್ನು ನನ್ನ ಕೈಯಲ್ಲಿಟ್ಟಳು. "ಹಂಗಂದ್ರ ಬಾಜೂಕ ಕುಂಡ್ರತೀನ್ರಿ."

ಪಕ್ಕದ ಸೀಟಿನಲ್ಲೇ ಕುಳಿತಳು. ಮುಂದೆ ಕೊಂಡ ಕಾರುಗಳಿಗೆಲ್ಲ ಪವರ್ ಸ್ಟೀರಿಂಗ್ ಇತ್ತು, ನನ್ನ ರಟ್ಟೆಗೇ ಬೇಕಾಗಿತ್ತು. ಕೀಲಿ ಚಾಚಿದರೆ ಆಕೆ ಮೊದಮೊದಲು ಕೂಸನ್ನು, ಆಮೇಲೆ ಕೈಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಳ್ಳುತ್ತಿದ್ದಳು. ಆಕೆಗೆ ಆಸಕ್ತಿ ಹೋಗಿದೆ ಎಂದು ಬೀಗರ ಮುಂದೆಲ್ಲ ಹೇಳಿದೆ.

ಮೊನ್ನೆ ಹೊಸ ಕಾರು ನಿಲ್ಲಿಸಿ ರೂಪಾ ಹಿಂದಿನ ಸೀಟಿನಲ್ಲಿದ್ದ ತಾಯಿಗೆ, "ಅವ್ವಾ, ನೀನೂ ಕಲಿ. ನಾ ಕಲಸ್ತೀನಿ," ಅಂದಳು.

"ಈ ವಯಸ್ಸಿನಾಗ ನನಗೆಲ್ಲಿ ಬರತೈತಿ," ಎಂದಳು ಆಕೆ, ನನ್ನ ಕಡೆ ನೋಡದೆ.

ಮಗಳಿಗೆ ಏನೂ ಗೊತ್ತಿರಲಿಲ್ಲ. ಇಷ್ಟು ವರ್ಷ ಆಕೆ ಮಗಳ ಮುಂದೆ ನನ್ನ ಮಾನ ಕಾಯ್ದಿದ್ದಳು.

"ಅಕೀಗಿ ಬರತೈತಿ. ನನಗಿಂತ ಚಲೋ ಓಡಸ್ತಿದ್ಲು. ನಾನೇ ಬಿಡಿಸಿದೆ," ಅಂದೆ.

"ಈಗ್ಯಾಕ್ರಿ ಅದೆಲ್ಲಾ," ಎಂದು ಆಕೆ ಬಾಗಿಲು ತೆರೆದು ಇಳಿದಳು.

ತಪ್ಪಾಯಿತು ಎಂಬ ಮಾತು ಅಂದೂ ಬಾಯಿಗೆ ಬರಲಿಲ್ಲ. ಇಷ್ಟು ಹೊತ್ತು ಹೆಂಡತಿ, ಆಕೆ ಎಂದೇ ಬರೆದೆ. ಆಕೆಯ ಹೆಸರು ಸುಮಂಗಲಾ.