ಕಾಜಾ ಅತ್ತಿಗೆಯ ಕಪ್ಪೆ

ಆಟ ಆಡುವವರೆಲ್ಲ ಕೆಲಸಗೇಡಿಗಳು ಎಂದು ತೀರ್ಪು ಕೊಟ್ಟು ಮೀಸೆ ತಿರುವುವ ದೊಡ್ಡ ಮನುಷ್ಯರನ್ನು ಒಂದು ದಿನ ಬಸ್ ನಿಲ್ದಾಣದ ಹಿಂದಿನ ಓಣಿಯ ಆ ಹೊಲಿಗೆ ಅಂಗಡಿಯಲ್ಲಿ ಕೂರಿಸಬೇಕು. ಕುರ್ಚಿ ಸಿಗುವುದಿಲ್ಲ, ಬಟ್ಟೆಯ ಗಂಟಿನ ಮೇಲೇ ಕೂರಬೇಕು. ಅಲ್ಲಿ ಹೊಸ ಬಟ್ಟೆ ಹೊಲಿಯುವುದಿಲ್ಲ. ಉದ್ದವಾದದ್ದನ್ನು ಗಿಡ್ಡ ಮಾಡುತ್ತಾರೆ, ಬಿಗಿಯಾದದ್ದನ್ನು ಸಡಿಲ ಮಾಡುತ್ತಾರೆ, ಕೆಟ್ಟ ಜಿಪ್ ಕಿತ್ತು ಬೇರೆಯದು ಹಾಕುತ್ತಾರೆ. ಎರಡು ಮಿಷನ್ನು, ಒಂದು ಇಸ್ತ್ರಿ ಮೇಜು, ಮೂಲೆಯಲ್ಲಿ ಪರದೆ ಎಳೆದ ಟ್ರಯಲ್ ರೂಮು. ದಪ್ಪ ಮನುಷ್ಯ ಒಳಗೆ ಹೋಗಿ ಬಗ್ಗಿದರೆ ಪರದೆ ಬಸುರಿಯಾಗುತ್ತದೆ.

ಕಿಟಕಿ ಪಕ್ಕದ ಮಿಷನ್ನಿನಲ್ಲಿ ಕೂರುವ ಹೆಂಗಸನ್ನು ಓಣಿಯೆಲ್ಲ ಕಾಜಾ ಅತ್ತಿಗೆ ಎನ್ನುತ್ತದೆ. ಅಂಗಡಿ ಆಕೆಯ ಮೈದುನನದು. ಅವನು ದಿನವಿಡೀ ಅತ್ತಿಗೆ, ಅತ್ತಿಗೆ ಎಂದು ಕೂಗುವುದನ್ನು ಕೇಳಿ ಗಿರಾಕಿಗಳಿಗೂ ಆಕೆ ಅತ್ತಿಗೆಯೇ ಆಗಿಬಿಟ್ಟಳು. ಗುಂಡಿ ತೂರುವ ಕಾಜಾವನ್ನು ಇವತ್ತಿಗೂ ಕೈಯಲ್ಲೇ ಹೊಲಿಯುವುದರಿಂದ ಹೆಸರಿನ ಮುಂದೆ ಅದೊಂದು ಬಿರುದು. ವಯಸ್ಸು ಐವತ್ತು ದಾಟಿದೆ. ಮೂಗಿನ ತುದಿಯಲ್ಲಿ ಕನ್ನಡಕ, ಬಾಯಲ್ಲಿ ಸದಾ ಒಂದೆರಡು ಗುಂಡುಸೂಜಿ. ಆಕೆ ಕಡಿಮೆ ಮಾತಾಡುವುದಕ್ಕೆ ಸ್ವಭಾವ ಕಾರಣವಲ್ಲ, ಸೂಜಿ ಕಾರಣ.

ಈಕೆಯ ಬದುಕಿನಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಅದೇ ದೊಡ್ಡ ತೊಂದರೆ. ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. ಸಣ್ಣವಳಿದ್ದಾಗ ಸೈಕಲ್ ಕಲಿಯಲು ಹೊರಟಳು. ಅಪ್ಪ ಸೀಟು ಹಿಡಿದವರು ಬಿಡಲೇ ಇಲ್ಲ, ಮಗಳು ಬಿದ್ದಾಳು ಎಂದು. ಮದುವೆಯಾದ ಮೇಲೆ ಸ್ಕೂಟರ್ ಕಲಿಯುತ್ತೇನೆ ಅಂದಳು. ಗಂಡ ಚಿನ್ನದಂಥ ಮನುಷ್ಯ, “ನಾನಿದ್ದೀನಲ್ಲ, ಎಲ್ಲಿಗೆ ಬೇಕಾದ್ರೂ ಬಿಡ್ತೀನಿ” ಅಂದ. ಬಿಟ್ಟ, ಕರೆತಂದ, ಇವತ್ತಿಗೂ ಬಿಡುತ್ತಾನೆ, ಕರೆತರುತ್ತಾನೆ. ಫೋನಿನಲ್ಲಿ ಕರೆಂಟ್ ಬಿಲ್ ಕಟ್ಟಲು ಕೂತರೆ ಮಗಳು, “ಕೊಡಮ್ಮ ಇಲ್ಲಿ, ನೀನು ಮುಗಿಸೋ ಹೊತ್ತಿಗೆ ಕರೆಂಟೇ ಹೋಗಿರುತ್ತೆ” ಎಂದು ಕಿತ್ತುಕೊಳ್ಳುತ್ತಾಳೆ. ಎಲ್ಲ ಪ್ರೀತಿಯೇ. ಪ್ರೀತಿಯಿಂದ ಒಬ್ಬ ಹೆಂಗಸಿನ ಕೈಯಿಂದ ಒಂದೊಂದೇ ಕೆಲಸ ಕಸಿದುಕೊಂಡು, ಕೊನೆಗೆ “ಅಯ್ಯೋ ಪಾಪ, ಆಕೆಗೆ ಏನೂ ಬರಲ್ಲ” ಎನ್ನುವ ಜನ ನಾವು. ಕಳ್ಳನಾದರೂ ಕದ್ದಮೇಲೆ ಬೈಯುವುದಿಲ್ಲ.

ಇಂಥ ಹೆಂಗಸಿನ ಕೈಗೆ ಒಂದು ಕಪ್ಪೆ ಸಿಕ್ಕಿತು.

ಮಗಳು ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವಳು. ಯಾರೋ ಆಡಿ ಬಿಟ್ಟ, ಎರಡು ಅಂಗೈ ಅಗಲದ ವಿಡಿಯೋ ಗೇಮನ್ನು ಆಸೆಪಟ್ಟು ತಂದಿದ್ದಳು. ಒಳಗೆ ಉಳಿದಿದ್ದದ್ದು ಒಂದೇ ಆಟ. ಒಂದು ಪಾಳು ಬಾವಿ. ತಳದಲ್ಲಿ ಒಂದು ಹಸಿರು ಕಪ್ಪೆ. ಅದು ಮೇಲೆ ಬರಬೇಕು. ಕಥೆ ಇಷ್ಟೇ. ಕಪ್ಪೆಗೆ ನೆಗೆಯಲು ಬರುತ್ತದೆ, ಕ್ಷಣಕಾಲ ಗೋಡೆಗೆ ಅಂಟಿಕೊಳ್ಳಲು ಬರುತ್ತದೆ, ಅಂಟಿದಲ್ಲಿಂದ ಎದುರು ಗೋಡೆಗೆ ಹಾರಲು ಬರುತ್ತದೆ. ಬಾವಿಯಲ್ಲಿ ಸಡಿಲ ಇಟ್ಟಿಗೆ, ಮುಳ್ಳುಬೇರು, ತೂಗಾಡುವ ಕೊಡ. ಬೆರಳು ಕೂದಲೆಳೆಯಷ್ಟು ತಡವಾದರೆ ಕಪ್ಪೆ ಪಚ್ ಎಂದು ಸಾಯುತ್ತದೆ. ಸತ್ತ ಮರುಕ್ಷಣ, ಸತ್ತ ಮಟ್ಟದ ಬುಡದಲ್ಲೇ, ಏನೂ ಆಗದವರ ಹಾಗೆ ಕಣ್ಣು ಪಿಳಿಪಿಳಿ ಬಿಡುತ್ತಾ ಕೂತಿರುತ್ತದೆ.

ಮಗಳು ಮೂರನೇ ಮಟ್ಟದಲ್ಲೇ ಕೈಚೆಲ್ಲಿದಳು. “ಇದು ಆಟ ಅಲ್ಲಮ್ಮ, ಶಿಕ್ಷೆ” ಎಂದು ಡ್ರಾಯರಿಗೆ ಎಸೆದಳು. ದಾರದ ಉಂಡೆ ಹುಡುಕುತ್ತಾ ಡ್ರಾಯರ್ ಎಳೆದ ಅತ್ತಿಗೆ ಕಪ್ಪೆಯನ್ನು ಬ್ಯಾಗಿನಲ್ಲಿ ಹಾಕಿಕೊಂಡು ಅಂಗಡಿಗೆ ಬಂದಳು. ಚಹಾದ ಹೊತ್ತಿಗೆ ಬಾಯಿಂದ ಸೂಜಿ ತೆಗೆದಿಟ್ಟು ಆಡತೊಡಗಿದಳು.

ಮೈದುನ ಆಡಿಕೊಳ್ಳದೆ ಬಿಟ್ಟಾನೆಯೇ?

“ಏನ್ ಅತ್ತಿಗೆ, ಕಪ್ಪೆ ಸತ್ತೋಯ್ತಾ?”

“ಸತ್ತೋಯ್ತು.”

“ಅಯ್ಯೋ ಪಾಪ. ಈಗ?”

“ಈಗ ಹುಟ್ಟಿದೆ. ನೀನು ಕತ್ತರಿ ನೋಡ್ಕೊ, ಬೆರಳು ಹೋದ್ರೆ ಹುಟ್ಟಲ್ಲ.”

ಆಡಿದವರಿಗೆ ಗೊತ್ತು, ಈ ಆಟದ ರುಚಿ ಎಲ್ಲಿದೆ ಎಂದು. ಉಳಿದ ಆಟಗಳನ್ನು ನೋಡಿ: ಗಳಿಗೆಗೊಮ್ಮೆ ಜಾಹೀರಾತು, ಹೆಜ್ಜೆಗೊಮ್ಮೆ ದುಡ್ಡಿಗಾಗಿ ಕೈಚಾಚುವುದು, ಬೆರಳು ಅಲ್ಲಾಡಿಸಿದರೆ ಸಾಕು ಭಲೇ ಭಲೇ ಎಂದು ಪಟಾಕಿ. ಭಿಕ್ಷೆಯನ್ನೂ ಹೊಗಳಿಕೆಯನ್ನೂ ಒಂದೇ ಉಸಿರಿನಲ್ಲಿ ಮಾಡುವ ಇಂಥ ಆಟಗಳನ್ನು ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಕೂತು ನೂರಾರು ಜನ ಮಾಡುತ್ತಾರಂತೆ. ನಾಚಿಕೆಯಾಗಬೇಕು. ಕಪ್ಪೆಯ ಆಟವನ್ನು ಮಾಡಿದವರು ಇಬ್ಬರೇ ಇಬ್ಬರು. ಅವರು ಆಡುವವರ ಬೆನ್ನು ತಟ್ಟುವುದಿಲ್ಲ, ಕಿವಿ ಹಿಂಡುವುದೂ ಇಲ್ಲ. ಬಿದ್ದರೆ ನಿನ್ನ ಬೆರಳು, ಹತ್ತಿದರೂ ನಿನ್ನ ಬೆರಳು. ಕಪ್ಪೆ ಎಲ್ಲಿ ಜಾರಿತು ಎಂದು ಅತ್ತಿಗೆಗೆ ಪ್ರತಿ ಸಲವೂ ಗೊತ್ತಾಗುತ್ತಿತ್ತು. “ಬೇಗ ಹಾರಿದೆ” ಎಂದು ತನಗೆ ತಾನೇ ಹೇಳಿಕೊಳ್ಳುವಳು. ಮುಂದಿನ ಸಲ ಬೇಗ ಹಾರುತ್ತಿರಲಿಲ್ಲ. ತಡವಾಗಿ ಹಾರಿ ಸಾಯುವಳು. ಅದರ ಮುಂದಿನ ಸಲ ಸರಿಯಾಗಿ ಹಾರಿ ಇನ್ನೊಂದು ಮುಳ್ಳಿಗೆ ಬೀಳುವಳು. ಆದರೂ ಮುಖದಲ್ಲಿ ಬೆಳಕು. ಆಕೆಯನ್ನು ಬೀಳಲು ಬಿಟ್ಟವರು ಜಗತ್ತಿನಲ್ಲಿ ಆ ಇಬ್ಬರೇ ತಾನೆ!

ಹೀಗೆ ಬಿದ್ದು ಎದ್ದು ಕಪ್ಪೆ ಬಾವಿಕಟ್ಟೆಯ ಹತ್ತಿರ ಬಂತು. ಮಗಳು ಒಂದು ಭಾನುವಾರ ಗೇಮಿನ ಪರದೆ ನೋಡಿ ಹೌಹಾರಿದಳು. “ಅಮ್ಮಾ, ಇಷ್ಟು ಮೇಲೆ ಹೇಗೆ ಬಂದೆ? ಯಾರ ಕೈಲಿ ಆಡಿಸಿದೆ?”

“ಯಾರ ಕೈಲಿ ಆಡಿಸ್ತಾರೆ? ಕೈ ಎರಡಿದೆಯಲ್ಲ ನನಗೆ.”

“ಕೊಡು, ಕೊನೇದು ನಾನು ನೋಡ್ತೀನಿ.”

ಅತ್ತಿಗೆ ಗೇಮನ್ನು ಬೆನ್ನ ಹಿಂದೆ ಇಟ್ಟುಕೊಂಡಳು, ಥೇಟ್ ಮಿಠಾಯಿ ಬಚ್ಚಿಡುವ ಮಗುವಿನ ಹಾಗೆ. “ಇದೊಂದನ್ನ ನಾನೇ ಮುಗಿಸ್ತೀನಿ ಕಣೇ. ಇದೊಂದನ್ನ ಮಾತ್ರ.”

ಆ ಕೊನೆಯ ಮಟ್ಟ ಮಾತ್ರ ಸುಲಭದ ತುತ್ತಲ್ಲ. ಗೋಡೆಗೆಲ್ಲ ಪಾಚಿ, ಅಂಟಿಕೊಂಡರೆ ಜಾರುತ್ತದೆ. ನಡುವೆ ಹಗ್ಗದಲ್ಲಿ ತೂಗುವ ಕೊಡ. ಕೊಡ ಅತ್ತ ಹೋಗಿ ಇತ್ತ ತಿರುಗುವ ಆ ಒಂದು ಕ್ಷಣಕ್ಕೆ ಸರಿಯಾಗಿ ಹಾರಬೇಕು. ಅತ್ತಿಗೆ ಆ ಲಯವನ್ನು ಕಾಲಿನಲ್ಲಿ ಹಿಡಿದಳು. ಮಿಷನ್ ತುಳಿಯುವಂತೆ ನೆಲ ತಟ್ಟುತ್ತಾ, ತಟ್ಟಿನ ಮೇಲೆ ನೆಗೆಯುತ್ತಾ ಹೋದಳು. ಆದರೂ ಸತ್ತಳು. ವಾರಗಟ್ಟಲೆ ಸತ್ತಳು. ಜಿಪ್ ಹಾಕಿಸಲು ಬಂದವರೆಲ್ಲ “ಅತ್ತಿಗೆ, ಕಪ್ಪೆ ಬಂತಾ?” ಎಂದು ವಿಚಾರಿಸಿ ಹೋಗುತ್ತಿದ್ದರು.

ಇಲ್ಲಿ ಮೈದುನನ ಒಂದು ಪದ್ಧತಿಯನ್ನು ಹೇಳಬೇಕು. ಗಿರಾಕಿಯ ಹೊಟ್ಟೆ ಬೆಳೆದಿರುತ್ತದೆ. ಒಪ್ಪಿಕೊಳ್ಳಲು ಮನಸ್ಸು ಬರುವುದಿಲ್ಲ. “ಬರೀ ಉದ್ದ ಸ್ವಲ್ಪ ನೋಡಿ” ಎಂದು ಪ್ಯಾಂಟು ಕೊಟ್ಟು ಹೋಗುತ್ತಾನೆ. ಮೈದುನ ಉದ್ದ ನೋಡುತ್ತಾನೆ, ಜೊತೆಗೆ ಸೊಂಟದ ಹೊಲಿಗೆಯನ್ನೂ ಬಿಚ್ಚಿ ಅರ್ಧ ಇಂಚು ಸಡಿಲ ಬಿಟ್ಟು, ಬಾಯಿ ಮುಚ್ಚಿಕೊಂಡು ಕಟ್ಟಿಕೊಡುತ್ತಾನೆ. ಗಿರಾಕಿ ಹಾಕಿಕೊಂಡು, “ನೋಡ್ರೀ, ಇನ್ನೂ ಹಾಗೇ ಇದ್ದೀನಿ” ಎಂದು ಬೀಗುತ್ತಾನೆ. ಅಂಗಡಿ ನಡೆದದ್ದೇ ಈ ದಯೆಯಿಂದ. ಅತ್ತಿಗೆಯೂ ಎಷ್ಟೋ ಸೊಂಟಗಳನ್ನು ಹೀಗೆ ಸದ್ದಿಲ್ಲದೆ ಸಡಿಲಿಸಿ ಕೊಟ್ಟವಳೇ.

ಅಂಥ ಮೈದುನನಿಗೆ ಅತ್ತಿಗೆ ಸಾಯುವುದನ್ನು ನೋಡಿ ಕರುಳು ಚುರುಕ್ಕೆಂದಿತು. ಒಂದು ಮಧ್ಯಾಹ್ನ ಆಕೆ ಟ್ರಯಲ್ ರೂಮಿನಲ್ಲಿ ಒಬ್ಬ ಹೆಣ್ಣುಮಗಳ ರವಿಕೆಯ ತೋಳಿಗೆ ಪಿನ್ನು ಚುಚ್ಚುತ್ತಿದ್ದಾಗ ಗೇಮು ಎತ್ತಿಕೊಂಡು ಅಲ್ಲಿ ಇಲ್ಲಿ ಒತ್ತಿದ. ‘ನಿಧಾನ’ ಎಂಬ ಒಂದು ಸೌಕರ್ಯ ಸಿಕ್ಕಿತು. ಸ್ವಲ್ಪವೇ ಸ್ವಲ್ಪ ನಿಧಾನ. ಒತ್ತಿದ, ಇದ್ದಲ್ಲೇ ಇಟ್ಟ, ಸೀಮೆಸುಣ್ಣ ಹಿಡಿದು ಸಾಧುವಿನಂತೆ ಕೂತ.

ಆ ಸೌಕರ್ಯದ ಬಗ್ಗೆ ಮೂಗು ಮುರಿಯುವವರಿದ್ದರೆ ಅವರೊಂದಿಗೂ ನನ್ನ ಜಗಳವಿದೆ. ಬೆರಳು ನಡುಗುವವರು, ಕಣ್ಣು ಮಂಜಾದವರು ತಾವೂ ಬಾವಿ ಹತ್ತಲಿ ಎಂದು ಆ ಇಬ್ಬರು ಅದನ್ನು ಇಟ್ಟಿದ್ದಾರೆ. ಬೇಕಾದವರು ತಲೆಯೆತ್ತಿ ತೆಗೆದುಕೊಳ್ಳಲಿ. ಇನ್ನೊಬ್ಬರು ಕೇಳದೆ ಜೇಬಿಗೆ ತುರುಕುವುದು ಬೇರೆ ಮಾತು.

ಚಹಾ ಬಂತು. ಅತ್ತಿಗೆ ಆಡಲು ಕೂತಳು. ಪಾಚಿಗೋಡೆ ದಾಟಿದಳು. ಕೊಡ ಹತ್ತಿದಳು. ಕೊಡದಿಂದ ಎದುರು ಗೋಡೆ, ಅಲ್ಲಿಂದ ಕೊನೆಯ ಇಟ್ಟಿಗೆ! ಇನ್ನು ಒಂದೇ ನೆಗೆತ. ತೋಳಿನಲ್ಲಿ ಪಿನ್ನು ಚುಚ್ಚಿಕೊಂಡೇ ಆ ಹೆಣ್ಣುಮಗಳು ಚಪ್ಪಾಳೆಗೆ ಕೈ ಎತ್ತಿದಳು. ಮೈದುನ ಆಗಲೇ ಬಿಸ್ಕತ್ತಿನ ಪೊಟ್ಟಣ ಹರಿದಿದ್ದ.

ಅತ್ತಿಗೆ ನೆಗೆಯಲಿಲ್ಲ. ನೆಲ ತಟ್ಟುತ್ತಿದ್ದ ಕಾಲನ್ನು ನಿಲ್ಲಿಸಿದಳು. ಮತ್ತೆ ತಟ್ಟಿ ನೋಡಿದಳು. ಪರದೆಯ ಮೇಲೆ ತೂಗುವ ಕೊಡ ಆಕೆಯ ಕಾಲಿಗಿಂತ ಹಿಂದೆ ಬೀಳುತ್ತಿತ್ತು.

“ಇದನ್ನ ಯಾರು ಮುಟ್ಟಿದ್ದು?”

ಮೈದುನ ಬಿಸ್ಕತ್ತು ಅಗಿಯುವುದನ್ನು ನಿಲ್ಲಿಸಿದ. “ಯಾಕತ್ತಿಗೆ, ಹಾರಿ! ಬಂದೇಬಿಡ್ತಲ್ಲ!”

“ಕೇಳಿದ್ದಕ್ಕೆ ಹೇಳು.”

“ಸ್ವಲ್ಪ... ಸಡಿಲ ಮಾಡಿದೆ ಅಷ್ಟೇ. ಅರ್ಧ ಇಂಚು. ನಿಮಗೆ ಗೊತ್ತಾಗಲ್ಲ ಅಂದ್ಕೊಂಡೆ.”

ಕಾಜಾ ಅತ್ತಿಗೆ ಸಿಟ್ಟಾದದ್ದನ್ನು ಓಣಿ ಅದುವರೆಗೆ ಕಂಡಿರಲಿಲ್ಲ.

“ನನ್ನ ಹೊಟ್ಟೆ ಏನು ಬೆಳೆದಿತ್ತೇನೋ? ನಾನು ನಿನ್ನ ಗಿರಾಕೀನಾ? ಸೈಕಲ್ ನಮ್ಮಪ್ಪ ಹಿಡ್ಕೊಂಡ್ರು, ಸ್ಕೂಟರು ನಿಮ್ಮಣ್ಣ ಹಿಡ್ಕೊಂಡ, ಫೋನು ಮಗಳು ಹಿಡ್ಕೊಂಡ್ಳು. ಉಳಿದಿದ್ದು ಒಂದು ಕಪ್ಪೆ. ಅದನ್ನೂ ಹಿಂದಿನಿಂದ ಬಂದು ಹಿಡ್ಕೊಂಡೆಯಲ್ಲೋ!”

“ಅಯ್ಯೋ ಅತ್ತಿಗೆ, ಒಳ್ಳೇದಕ್ಕೇ...”

“ಒಳ್ಳೇದಕ್ಕೇ ಎಲ್ಲರೂ!”

ಎಂದವಳೇ ಎಲ್ಲರ ಕಣ್ಣೆದುರು ಕಪ್ಪೆಯನ್ನು ಕೊನೆಯ ಇಟ್ಟಿಗೆಯಿಂದ ಕೆಳಕ್ಕೆ ಹಾರಿಸಿದಳು. ಅದು ಗಾಳಿಯಲ್ಲಿ ಆರಾಮಾಗಿ, ನಿಧಾನವಾಗಿ, ಎಲೆ ಉದುರುವಂತೆ ಬಿತ್ತು. ಹೆಣ್ಣುಮಗಳು “ಅಮ್ಮಾ!” ಎಂದು ಕಣ್ಣು ಮುಚ್ಚಿಕೊಂಡಳು. ಅತ್ತಿಗೆ ‘ನಿಧಾನ’ವನ್ನು ಹುಡುಕಿ ತೆಗೆದುಹಾಕಿ, ಸೂಜಿ ಬಾಯಿಗಿಟ್ಟುಕೊಂಡು, ಕೆಲಸಕ್ಕೆ ಕೂತಳು.

ಆಮೇಲೆ ಹೊಸ ಕಾನೂನು ಬಂತು. ಅತ್ತಿಗೆ ಆಡುವಾಗ ಬೆನ್ನ ಹಿಂದೆ ಯಾರೂ ನಿಲ್ಲುವಂತಿಲ್ಲ. ಮೈದುನನಿಗೆ ಶಿಕ್ಷೆಯೂ ಆಯಿತು: ದಿನಕ್ಕೊಮ್ಮೆ ಅವನೂ ಬಾವಿಯ ತಳದಿಂದ ಆಡಬೇಕು. ಮೊದಲ ದಿನ ಮೊದಲ ಮಟ್ಟದ ಮೊದಲ ಮುಳ್ಳನ್ನೇ ದಾಟಲಾಗದೆ, “ಈ ಕಪ್ಪೆಗೆ ಕಾಲೇ ಇಲ್ಲ!” ಎಂದ. ಕುಣಿಯಲಾರದವನಿಗೆ ನೆಲ ಡೊಂಕು. ವಾರ ಕಳೆಯುವುದರೊಳಗೆ ಅತ್ತಿಗೆಗಿಂತ ಮುಂಚೆ ಬಂದು ಬಾಗಿಲು ತೆಗೆದು, ಅಂಗಡಿ ಗುಡಿಸದೆ, ಆಕೆ ಗೇಮು ತರುವುದನ್ನು ಕಾಯತೊಡಗಿದ. ನಿಧಾನ ಬೇಕೇನೋ ಎಂದು ಆಕೆ ಕೇಳಿದರೆ, “ನನಗ್ಯಾಕೆ? ನನಗೇನಾಗಿದೆ?” ಎಂದು ಸಿಡುಕಿದ. ಸಿಡುಕಿದ ಮೇಲೆ ತಾನೇ ನಾಚಿಕೊಂಡ. ನೂರು ಉಪದೇಶ ಮಾಡದ್ದನ್ನು ಒಂದು ಮುಳ್ಳುಬೇರು ಮಾಡಿತು.

ಕಪ್ಪೆ ಮೇಲೆ ಬಂದದ್ದು ಒಂದು ಬೆಳಿಗ್ಗೆ. ಒಬ್ಬ ಗುಮಾಸ್ತರು ಆಫೀಸಿಗೆ ಹೋಗುವ ದಾರಿಯಲ್ಲಿ ಹರಿದ ಪ್ಯಾಂಟು ಬಿಚ್ಚಿಕೊಟ್ಟು ಟ್ರಯಲ್ ರೂಮಿನಲ್ಲಿ ಅಂಗಿಯಲ್ಲೇ ನಿಂತಿದ್ದರು. ಅತ್ತಿಗೆ ಪ್ಯಾಂಟು ಹೊಲಿದು ಇಸ್ತ್ರಿ ಮೇಜಿಗೆ ದಾಟಿಸಿದಳು. ಮೈದುನ ಇಸ್ತ್ರಿ ಕಾಯಲಿಟ್ಟ. ಕಾಯುವಷ್ಟು ಹೊತ್ತು ಬಿಡುವು. ಅತ್ತಿಗೆ ಗೇಮು ತೆಗೆದಳು.

ಪಾಚಿ ದಾಟಿತು. ಕಾಲು ನೆಲ ತಟ್ಟುತ್ತಿತ್ತು. ಕೊಡ ಬಂತು, ತಿರುಗಿತು.

“ಪ್ಯಾಂಟು ಆಯ್ತೇನ್ರೀ?” ಎಂದು ಪರದೆಯ ಹಿಂದಿನಿಂದ ಗುಮಾಸ್ತರು.

“ಸುಮ್ನಿರಿ ಸಾರ್, ಕಪ್ಪೆ ಮೇಲಕ್ಕೆ ಬರ್ತಾ ಇದೆ!” ಎಂದ ಮೈದುನ. ಕಾದ ಇಸ್ತ್ರಿ ಕೈಯಲ್ಲೇ ಇತ್ತು; ಕಾನೂನಿಗೆ ಹೆದರಿ ಎದುರಿನ ಮೇಜಿನಿಂದ ಕದಲಲಿಲ್ಲ.

ಏನು ಕಪ್ಪೆ, ಎಲ್ಲಿಯ ಕಪ್ಪೆ ಎಂದು ಗುಮಾಸ್ತರು ಪರದೆಯಿಂದ ತಲೆಯಷ್ಟನ್ನೇ ಹೊರಚಾಚಿದರು. ಟ್ರಯಲ್ ರೂಮು ಇರುವುದು ಅತ್ತಿಗೆಯ ಬೆನ್ನ ಹಿಂದೆ. ಕೊಡದಿಂದ ಗೋಡೆ, ಗೋಡೆಯಿಂದ ಕೊನೆಯ ಇಟ್ಟಿಗೆ. ಒಂದು ತಟ್ಟು. ನೆಗೆತ.

ಅತ್ತಿಗೆ ಕಾಲು ತಟ್ಟುವುದನ್ನು ನಿಲ್ಲಿಸಿದಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಗೇಮಿನ ಪರದೆಯನ್ನು ನೋಡಿದಳು. ಆಮೇಲೆ ಮುಖವೆಲ್ಲ ಹಲ್ಲಾಗಿ ನಕ್ಕಳು. ಆಟ ಮಾಡಿದ ಆ ಇಬ್ಬರ ಹೆಸರು ಕೆಳಗಿನಿಂದ ಮೇಲೆ ಬಂದಾಗ ತುಟಿ ಅಲ್ಲಾಡಿಸುತ್ತಾ ಓದಿ, ಗೇಮನ್ನು ಎದೆಗೆ ಒತ್ತಿಕೊಂಡಳು.

“ಬಂತಾ ಅತ್ತಿಗೆ? ಬಂದೇಬಿಡ್ತಾ? ಮೇಲೆ ಏನಿದೆ?” ಮೈದುನ ಒಂಟಿಕಾಲಿನಲ್ಲಿ ಕುಣಿದ. “ತೋರಿಸಿ, ಒಂದೇ ಸಲ!”

ಅತ್ತಿಗೆ ತಲೆಯಾಡಿಸಿದಳು. “ನೀನು ಹತ್ತಿ ಬಾ.”

“ಸಾರ್, ನೀವು ನೋಡಿದ್ರಲ್ಲ? ನೀವಾದ್ರೂ ಹೇಳಿ!”

ಗುಮಾಸ್ತರು ಅತ್ತಿಗೆಯ ಕಡೆ ನೋಡಿದರು. ಅತ್ತಿಗೆ ಅವರ ಕಡೆ ನೋಡಿದಳು.

“ಚೆನ್ನಾಗಿದೆ ಕಣ್ರೀ,” ಅಂದರು ಗುಮಾಸ್ತರು. “ಅದಕ್ಕಿಂತ ಹೆಚ್ಚು ಒಂದಕ್ಷರ ಹೇಳಲ್ಲ. ನೀವೇ ಹತ್ತಿ ನೋಡಿ. ಮೊದಲು ನನ್ನ ಪ್ಯಾಂಟು ಕೊಡಿ.”