ವರ್ಷ ತುಂಬಿದ ಮೇಲೆ ತೋರಿಸಬೇಕಾದ ನಾಯಿ

ಕುರುಗೋಡಿನಲ್ಲಿ ಬೇಟೆನಾಯಿ ಸಾಕುವ ತಾತನೊಬ್ಬ ನನಗೆ ನಾಯಿಮರಿ ಕೊಡುವ ಮೊದಲು ನನ್ನ ಮನೆ ನೋಡಲು ಬಂದ. ಹೆಣ್ಣು ಕೊಡುವವರು ಕೂಡ ಅಷ್ಟು ತಪಾಸಣೆ ಮಾಡಲಿಕ್ಕಿಲ್ಲ. ಕೊಳಗಲ್ಲಿನ ನಮ್ಮ ಹಿತ್ತಲನ್ನು ಹೆಜ್ಜೆ ಹಾಕಿ ಅಳೆದ, ಗೋಡೆಯ ಎತ್ತರ ನೋಡಿದ, ಬೇವಿನ ಮರದ ನೆರಳು ಮಧ್ಯಾಹ್ನ ಎಲ್ಲಿಯವರೆಗೆ ಬರುತ್ತದೆ ಎಂದು ಕೇಳಿದ. ನಾನು ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಜೀನ್ಸ್ ಹೊಲಿಯುವವರಿಗೆ ದಾರ, ಜಿಪ್ಪು, ಗುಂಡಿ ಮಾರುವವಳು. ದಿನವಿಡೀ ಗಿರಾಕಿಗಳ ಚೌಕಾಸಿ ಕೇಳಿ ಕೇಳಿ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. "ನಾಯಿ ಕೊಡ್ತೀಯೋ, ಮಗಳನ್ನ ಕೊಡ್ತೀಯೋ ತಾತ?" ಎಂದು ಕೇಳಿಯೇಬಿಟ್ಟೆ.

"ಮಗಳಾದ್ರ ಕಷ್ಟ ಬಂದಾಗ ಬಾಯಿಬಿಟ್ಟು ಹೇಳ್ತಾಳಮ್ಮ," ಎಂದ ಆತ. ನಾನು ಚಹಾ ಕಾಸಲು ಒಳಗೆ ಹೋದೆ.

ನನಗೆ ಬೇಕಿದ್ದದ್ದು ಮುಧೋಳ ತಳಿಯ ಬೇಟೆನಾಯಿ. ದೇಶನೂರಿನಲ್ಲಿ ಅಣ್ಣನ ಭತ್ತದ ಗದ್ದೆಯಿದೆ. ಬದುಗಳ ತುಂಬ ಹೆಗ್ಗಣದ ಬಿಲ, ತೆನೆ ಬಲಿಯುವ ಹೊತ್ತಿಗೆ ಹಂದಿಗಳ ಕಾಟ. ಅದಕ್ಕೆಲ್ಲ ಈ ನಾಯಿಯೇ ಮದ್ದು ಎಂದು ಮನೆಯಲ್ಲಿ ಹೇಳಿದ್ದೆ. ಅದು ಬರೀ ನೆಪ. ಸಿರುಗುಪ್ಪದ ಹತ್ತಿರ ಕಾಲುವೆಯ ದಂಡೆಯ ಮೇಲೆ ಇಂಥದ್ದೊಂದು ನಾಯಿ ಓಡುವುದನ್ನು ಒಮ್ಮೆ ಬಸ್ಸಿನ ಕಿಟಕಿಯಿಂದ ನೋಡಿದ್ದೆ. ನಾಲ್ಕು ಕಾಲೂ ನೆಲ ಬಿಟ್ಟಿದ್ದವು. ನಮ್ಮ ಬಸ್ಸನ್ನೇ ಹಿಂದೆ ಹಾಕಿ ಹೋಯಿತು. ಅವತ್ತಿನಿಂದ ಬೇರೆ ಯಾವ ನಾಯಿಯೂ ನನ್ನ ಕಣ್ಣಿಗೆ ಹತ್ತಲಿಲ್ಲ.

ಮನೆ ಪಾಸಾಯಿತು. ಮುಂದಿನ ಭಾನುವಾರ ಕುರುಗೋಡಿಗೆ ಹೋದೆ. ಬಂಡೆಗುಡ್ಡದ ಬುಡದಲ್ಲಿ ಆತನ ಮನೆ, ಅಂಗಳದಲ್ಲಿ ಆರು ಮರಿಗಳು. ಕಾಲಿಗೆ ತೊಡರಿದ ಒಂದು ದುಂಡನೆಯ ಗಂಡುಮರಿಯನ್ನು ಎತ್ತಿಕೊಳ್ಳಲು ಬಗ್ಗಿದೆ.

"ಮರಿ ಆಮ್ಯಾಲ ನೋಡು. ಮೊದ್ಲು ತಾಯಿ ನೋಡು," ಎಂದು ತಡೆದ. ತಾಯಿನಾಯಿಯ ಆಳವಾದ ಎದೆ, ಒಳಗೆಳೆದುಕೊಂಡ ಹೊಟ್ಟೆ, ಬಿಗಿಯಾಗಿ ಕೂಡಿಕೊಂಡ ಪಾದದ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ತೋರಿಸಿದ. ಪಕ್ಕೆಯ ಮೇಲೆ ನನ್ನ ಕೈ ಹಿಡಿದು ಸವರಿಸಿ, ಮೂರು ಎಲುಬು ಕಣ್ಣಿಗೆ ಕಾಣಬೇಕು, ಈ ಜಾತಿಗೆ ಅದೇ ಆರೋಗ್ಯ ಎಂದ. ಆಮೇಲೆ ಬಟ್ಟೆಯ ಚೂರೊಂದನ್ನು ದಾರಕ್ಕೆ ಕಟ್ಟಿ ಅಂಗಳದ ಆ ತುದಿಯಲ್ಲಿ ಎಳೆದ. ಐದು ಮರಿಗಳು ಬೊಗಳಿದವು. ಮರಳಿನ ಬಣ್ಣದ ಹೆಣ್ಣುಮರಿಯೊಂದು ಮಾತ್ರ ಬೊಗಳಲಿಲ್ಲ. ಎದ್ದು ನಿಂತು, ಕತ್ತು ಚಾಚಿ ನೋಡಿತು. ನೋಡಿದ್ದೇ ತಡ, ಬಟ್ಟೆ ಅದರ ಬಾಯಲ್ಲಿತ್ತು.

"ಈ ಜಾತಿ ಕಣ್ಣಿಂದ ಬ್ಯಾಟಿ ಆಡ್ತೈತಿ. ಮೂಗು ಆಮ್ಯಾಲ. ಬಾಯಿ ಎಲ್ಲಕ್ಕಿಂತ ಆಮ್ಯಾಲ," ಎಂದು ಆತ ಅದೇ ಮರಿಯನ್ನು ಎತ್ತಿ ನನ್ನ ಮಡಿಲಿಗೆ ಹಾಕಿದ. ಹಾಕುವಾಗ ಒಂದು ಮಾತು ತೆಗೆದುಕೊಂಡ. "ವರ್ಷ ತುಂಬಿದ ಮ್ಯಾಲ ಕರ್ಕೊಂಡು ಬಂದು ತೋರಿಸ್ಬೇಕು. ಕೆಡಿಸಿದ್ದಿ ಅಂದ್ರ ವಾಪಸ್ ಇಟ್ಕೊಂತೀನಿ. ಒಪ್ಪಿಗಿ ಇದ್ರ ಒಯ್ಯಿ."

ಒಪ್ಪಿದೆ. ಮರಿ ಮಡಿಲಿಗೆ ಬಂದ ಮೇಲೆ ಯಾರು ತಾನೇ ಒಪ್ಪುವುದಿಲ್ಲ?

ಆ ನಾಯಿಯನ್ನು ಎಷ್ಟು ಹೊಗಳಿದರೂ ನನಗೆ ಸಾಲದು. ಬಳ್ಳಾರಿಯ ಬಿಸಿಲಿಗೆ ಹೆದರಿ ಸೂರ್ಯ ಹುಟ್ಟುವ ಮೊದಲೇ ಓಡಿಸಿಕೊಂಡು ಬರುತ್ತಿದ್ದೆ. ಮಧ್ಯಾಹ್ನ ಬೇವಿನ ಕೆಳಗೆ ಒದ್ದೆ ಗೋಣಿಚೀಲದ ಹಾಸಿಗೆ. ಅದರ ಚರ್ಮ ಎಷ್ಟು ತೆಳುವೆಂದರೆ ಚಳಿಗಾಲದಲ್ಲಿ ಗಡಗಡ ನಡುಗುತ್ತಿತ್ತು. ಗಿರಾಕಿಯೊಬ್ಬನ ಹತ್ತಿರ ಉಳಿದ ಜೀನ್ಸ್ ತುಂಡುಗಳಿಂದ ಅದಕ್ಕೊಂದು ಅಂಗಿ ಹೊಲಿಸಿದೆ. ಊರವರು ನಕ್ಕರು, ನಗಲಿ. ಜೋಳದ ರೊಟ್ಟಿ, ಮಜ್ಜಿಗೆ, ಮೊಟ್ಟೆ, ವಾರಕ್ಕೆರಡು ಸಲ ಮಾಂಸ, ತಾತ ಹೇಳಿದಷ್ಟೇ ಹಾಕುತ್ತಿದ್ದೆ.

ಭಾನುವಾರಗಳಂದು ದೇಶನೂರು. ಹೆಗ್ಗಣದ ಬಿಲದ ಮುಂದೆ ಅದು ಗಂಟೆಗಟ್ಟಲೆ ಕದಲದೆ ಕಾಯುತ್ತಿತ್ತು. ಹಂದಿಗಳ ಮೈಗೆ ಬೀಳುತ್ತಿರಲಿಲ್ಲ, ಸುತ್ತು ಹಾಕಿ ಕಾಲುವೆಯ ಕಡೆಗೆ ತಿರುಗಿಸಿಬಿಡುತ್ತಿತ್ತು. ಒಮ್ಮೆ ಕೊಯ್ದ ಗದ್ದೆಯಲ್ಲಿ ಮೊಲ ಎದ್ದು ನಾಯಿ ಬೆನ್ನು ಹತ್ತಿತು. ಮೊಲ ಹಿಡಿಯುವುದು ಈಗ ಅಪರಾಧ. "ಬ್ಯಾಡ" ಎಂದು ಕೂಗಿದೆ. ಅಷ್ಟು ವೇಗದಲ್ಲಿದ್ದ ಪ್ರಾಣಿ ಮಣ್ಣು ಹಾರಿಸಿಕೊಂಡು ನಿಂತು, ತಿರುಗಿ ನನ್ನ ಮುಖ ನೋಡಿತು. ಬಾಯಿಬಿಟ್ಟು ಯಾರನ್ನೂ ಹೊಗಳದ ನಮ್ಮಣ್ಣ, "ಇದಕ್ಕ ಬುದ್ಧಿ ಐತಿ ನೋಡು, ನಿನ್ನಂಗಲ್ಲ" ಎಂದ. ನನಗಂತೂ ಹಿಗ್ಗೋ ಹಿಗ್ಗು.

ಕೆಡಿಸಿದವಳು ನಾನೇ. ನಮ್ಮ ಕಡೆ ಬಾಗಿಲಲ್ಲಿ ಬಡಕಲು ಪ್ರಾಣಿ ಇದ್ದರೆ ಮನೆಯವರ ಕೈ ಬಿಗಿ ಎಂದೇ ಲೆಕ್ಕ. ಎದುರು ಮನೆಯವರಿಂದ ಹಿಡಿದು ಹಾಲಿನವನವರೆಗೆ ಎಲ್ಲರಿಗೂ ಆ ಮೂರು ಎಲುಬುಗಳದ್ದೇ ಚಿಂತೆ. ಎಲ್ಲರಿಗೂ ಉತ್ತರ ಕೊಟ್ಟೆ, ಕೆಲವರ ಜೊತೆ ಜಗಳವನ್ನೂ ಆಡಿದೆ. ಆದರೆ ದೀಪಾವಳಿಗೆ ಆದೋನಿಯಿಂದ ಬಂದ ಸೋದರತ್ತೆ, ತೆಲುಗು ಕನ್ನಡ ಎರಡನ್ನೂ ಬೆರೆಸಿ ಮಾತಾಡುವಾಕೆ, ಬೀಗರೆಲ್ಲ ಕೂತಿರುವಾಗ, "ಅಯ್ಯೋ ಪಾಪಂ, ಎಲುಬು ಎಣಿಸಬೋದಲ್ಲೇ, ನೀವು ಉಂಡಮ್ಯಾಲ ಇದಕ್ಕ ಏನೂ ಉಳ್ಯಂಗಿಲ್ಲೇನು?" ಎಂದಳು. ನನ್ನ ಮರ್ಯಾದೆ ಮೂರು ಕಾಸಿಗೆ ಹೋಯಿತು. ಅವತ್ತೇ ಅನ್ನಕ್ಕೆ ತುಪ್ಪ ಸುರಿದೆ. ಮರುದಿನ ಹೋಳಿಗೆ. ಆಮೇಲೆ ದಿನವೂ ಎರಡು ಹೊತ್ತು ತುಪ್ಪದನ್ನ. ಎರಡು ತಿಂಗಳಲ್ಲಿ ಎಲುಬು ಮುಚ್ಚಿಹೋದವು. ಜನ ಮೆಚ್ಚಿದರು, ನಾನು ಬೀಗಿದೆ.

ಒಂದು ಭಾನುವಾರ ದೇಶನೂರಿನಲ್ಲಿ ಹೆಗ್ಗಣದ ಹಿಂದೆ ಓಡುತ್ತ ಬದು ಹಾರಿದ ನಾಯಿ ಮುಂಗಾಲು ಊರಲಾಗದೆ ಮುಗ್ಗರಿಸಿತು. ಕೂಗಲಿಲ್ಲ. ಮೂರು ಕಾಲಲ್ಲಿ ಕುಂಟುತ್ತ ಬಂದು ನನ್ನ ಪಕ್ಕ ಕೂತಿತು, ತಪ್ಪು ತನ್ನದೇ ಎನ್ನುವ ಹಾಗೆ ತಲೆ ತಗ್ಗಿಸಿಕೊಂಡು. ಎರಡೂ ಕೈಯಲ್ಲಿ ಎತ್ತಿಕೊಂಡು ದವಾಖಾನೆಗೆ ಓಡಿದೆ. ಪಶುವೈದ್ಯರು ಕಾಲು ಮುಟ್ಟಿ ನೋಡಿ, "ಮುರಿದಿಲ್ಲ, ಉಳುಕೈತಿ. ಇಷ್ಟು ತೂಕ ಹೊರೋ ಕಾಲಲ್ಲ ಇದು. ಯಾರು ಹಿಂಗ ತಿನ್ನಿಸಿದ್ದು?" ಎಂದರು. ನಾನು ಚೀಲ ತೆಗೆದು ಔಷಧದ ದುಡ್ಡು ಎಣಿಸತೊಡಗಿದೆ.

ತುಪ್ಪ ನಿಂತಿತು. ಓಟವೂ ನಿಂತಿತು. ಎಲುಬು ಒಂದೊಂದಾಗಿ ಮತ್ತೆ ಕಾಣತೊಡಗಿದವು, ಕುಂಟು ಮಾತ್ರ ಪೂರ್ತಿ ಹೋಗಲಿಲ್ಲ. ಅಷ್ಟರಲ್ಲಿ ವರ್ಷ ತುಂಬಿತು.

"ಹೋಗಬ್ಯಾಡ ಸುಮ್ನಿರು. ತಾತೇನು ಪೊಲೀಸನಾ? ಹುಡುಕ್ಕೊಂಡು ಬರ್ತಾನಾ?" ಎಂದ ಅಣ್ಣ. ನನಗೂ ಹಾಗೇ ಅನಿಸಿತ್ತು. ಎರಡು ವಾರ ಇವತ್ತು ನಾಳೆ ಎಂದು ತಳ್ಳಿದೆ. ನಾಯಿಯಿಲ್ಲದ ಹಿತ್ತಲನ್ನು ನೆನೆಸಿಕೊಂಡರೇ ಅಳು ಬರುತ್ತಿತ್ತು. ಆದರೆ ಅಂಗಡಿಯಲ್ಲಿ ಮಾತು ತಪ್ಪಿದ ಗಿರಾಕಿಗಳಿಗೆ ನಾನು ಬೈಯುವ ಬೈಗುಳಗಳೆಲ್ಲ ನನ್ನ ಕಿವಿಯಲ್ಲೇ ಕೇಳಿಸತೊಡಗಿದವು. ಕೊನೆಗೊಂದು ಬೆಳಿಗ್ಗೆ ಆಟೋ ಮಾಡಿಕೊಂಡು ಕುರುಗೋಡಿಗೆ ಹೊರಟೆ. ದಾರಿಯುದ್ದಕ್ಕೂ ನಾಯಿ ನನ್ನ ತೊಡೆಯ ಮೇಲೆ ಮೂತಿ ಇಟ್ಟು ಮಲಗಿತ್ತು.

ತಾತ ಅಂಗಳದಲ್ಲೇ ಇದ್ದ. ನೆಲದ ಮೇಲೆ ಕೂತು ಪಕ್ಕೆ ಸವರಿದ, ಎದೆ ಒತ್ತಿದ, ಪಾದ ಬಿಡಿಸಿ ನೋಡಿದ. ಮುಂಗಾಲಿನ ಮೇಲೆ ಆತನ ಬೆರಳು ನಿಂತಿತು. "ಇದು ಯಾವಾಗ ಆತು?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಸೋದರತ್ತೆ, ತುಪ್ಪ, ನನ್ನ ಜಂಬ, ಎಲ್ಲವನ್ನೂ ಹೇಳಿದೆ. "ಕೆಡಿಸಿದ್ದು ನಾನೇ ತಾತ. ಇಟ್ಕೊಂತೀನಿ ಅಂದ್ರ ಇಟ್ಕೋ," ಎಂದು ಹಗ್ಗದ ತುದಿಯನ್ನು ಆತನ ಕಡೆ ಚಾಚಿದೆ.

ಆತ ಹಗ್ಗ ಹಿಡಿಯಲಿಲ್ಲ, ನಾಯಿಯ ಕಿವಿ ತಿಕ್ಕಿದ. "ಮೂವತ್ತು ವರ್ಷದಿಂದ ಕೊಡಾಕತ್ತೀನಮ್ಮ," ಎಂದ. "ಎಲ್ಲಾರ ಹತ್ರಾನೂ ಇದೇ ಮಾತು ತಗೊಂಡೀನಿ. ಒಬ್ರೂ ಬಂದಿಲ್ಲ. ನಾ ಕೊಟ್ಟ ಮರಿ ದೊಡ್ಡದಾಗಿದ್ದನ್ನ ನಾ ನೋಡಿದ್ದು ಇವತ್ತೇ ಮೊದ್ಲು."

ಆತನಿಗೆ ಅದರ ಓಟವನ್ನಾದರೂ ತೋರಿಸೋಣ ಎನಿಸಿ, ಬಗ್ಗಿ ಕೊರಳಪಟ್ಟಿಯ ಕೊಂಡಿಗೆ ಕೈ ಹಾಕಿದೆ. ನಾಯಿ ಆಗಲೇ ಗುಡ್ಡದ ಬುಡದ ಬಯಲಿನ ಕಡೆ ಕತ್ತು ಚಾಚಿತ್ತು. ತಾತನೂ ಅತ್ತಲೇ ನೋಡುತ್ತಿದ್ದ. ನೋಡುತ್ತಲೇ ನನ್ನ ಕೈ ಮೇಲೆ ತನ್ನ ಕೈ ಇಟ್ಟು ಕೊಂಡಿಯನ್ನು ಮುಚ್ಚಿದ.

"ಬ್ಯಾಡ. ಕಾಲು ಇನ್ನಾ ಹಸಿ ಐತಿ. ಮನಿಗೆ ಕರ್ಕೊಂಡು ಹೋಗು." ಆಮೇಲೆ ಕೇಳಿದ, "ವಾಸಿ ಆದಮ್ಯಾಲ ಇನ್ನೊಂದ್ಸಲ ಬರ್ತೀಯೇನಮ್ಮ? ಓಡೋದು ನೋಡ್ತೀನಿ."